ಕಂಪನಿಯ ಏರ್ ಬಾಕ್ಸ್, ಹತ್ತಿಯ ಫಿಲ್ಟರ್, ಕೋನ್, ಕೋಲ್ಡ್ ಏರ್ ಇನ್‌ಟೇಕ್: ಯಾವುದರಿಂದ ನಿಜವಾಗಿ ಪಿಕಪ್ ಹೆಚ್ಚುತ್ತದೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಕಾರಿನ ಪಿಕಪ್ ಹೆಚ್ಚಿಸಲು ಏನು ಹಾಕಿಸಬಹುದೆಂದು ಕೇಳಿದರೆ ಮೊದಲು ಮುಂದಿಡುವ ವಸ್ತುಗಳಲ್ಲಿ ಏರ್ ಫಿಲ್ಟರ್ ಮತ್ತು ಎಂಜಿನ್ನಿಗೆ ಗಾಳಿ ತರುವ ಇನ್‌ಟೇಕ್ ಕಿಟ್ ಇದ್ದೇ ಇರುತ್ತವೆ. ಇದಕ್ಕೆ ಕಾರಣ ಸರಳವಾಗಿದೆ. ಎಂಜಿನ್ ಬಿಚ್ಚದೆ, ಒಂದೆರಡು ಗಂಟೆಯಲ್ಲಿ ಕೂರಿಸಬಹುದಾದ, ಕೂರಿಸಿದ ಕೂಡಲೇ ಕಿವಿಗೆ ಬದಲಾವಣೆ ಕೇಳಿಸುವ ಮಾರ್ಪಾಟುಗಳು ಹೆಚ್ಚಿಲ್ಲ. ಕೊಳ್ಳುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ: ಫಿಲ್ಟರ್ ಕೂರುವ ಡಬ್ಬವಾದ ಕಂಪನಿಯ ಏರ್ ಬಾಕ್ಸನ್ನೂ ಕಾಗದದ ಫಿಲ್ಟರನ್ನೂ ಹಾಗೆಯೇ ಉಳಿಸಿಕೊಳ್ಳುವುದು, ಅದೇ ಬಾಕ್ಸಿನೊಳಗೆ ಹತ್ತಿಯ ಅಥವಾ ಫೋಮಿನ ಫಿಲ್ಟರ್ ಹಾಕುವುದು, ಬಾಕ್ಸನ್ನು ತೆಗೆದು ಬಾನೆಟ್ಟಿನ ಕೆಳಗೆ ತೆರೆದ ಕೋನ್ ಫಿಲ್ಟರ್ ಕೂರಿಸುವುದು, ಇಲ್ಲವೇ ಹೊರಗಿನ ತಂಪು ಗಾಳಿಯನ್ನು ಕೊಳವೆಯಿಂದ ತರುವ ಪೂರ್ಣ ಕೋಲ್ಡ್ ಏರ್ ಇನ್‌ಟೇಕ್ ಕಿಟ್ ಹಾಕಿಸುವುದು. ಮೊದಲನೆಯದಕ್ಕೆ ಕೆಲವು ನೂರು ರೂಪಾಯಿ ಸಾಕು, ಎರಡನೆಯದು ಕೆಲವು ಸಾವಿರಕ್ಕೆ ಮುಟ್ಟುತ್ತದೆ, ಕೊನೆಯದು ಬ್ರ್ಯಾಂಡು ಮತ್ತು ಕಾರನ್ನು ಅವಲಂಬಿಸಿ ಹತ್ತಾರು ಸಾವಿರಕ್ಕೆ ಏರುತ್ತದೆ.

ಇವುಗಳಲ್ಲಿ ಯಾವುದೂ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಈಗಿರುವ ಏರ್ ಬಾಕ್ಸ್ ಎಂಜಿನ್ನಿಗೆ ಎಷ್ಟು ಗಾಳಿಯನ್ನು ತಪ್ಪಿಸುತ್ತಿದೆಯೋ ಅಷ್ಟನ್ನು ಮಾತ್ರ ಹಿಂದಕ್ಕೆ ಕೊಡಿಸಬಲ್ಲದು. ಆದ್ದರಿಂದ ಯಾವ ಕಿಟ್ ಒಳ್ಳೆಯದು ಎಂಬ ಪ್ರಶ್ನೆಗಿಂತ ಮೊದಲು ನನ್ನ ಕಾರಿನ ಬಾಕ್ಸು ಎಷ್ಟು ಕಸಿದುಕೊಳ್ಳುತ್ತಿದೆ ಎಂಬ ಪ್ರಶ್ನೆ ಬರಬೇಕು. ಸಂತೋಷದ ಸಂಗತಿಯೆಂದರೆ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇದನ್ನು ಮನೆಯಲ್ಲೇ ಅಳೆಯಬಹುದು. ಆ ವಿಧಾನಕ್ಕೆ ಮುಂದೆ ಬರುತ್ತೇನೆ.

ಗಾಳಿಯ ಲೆಕ್ಕ

ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ 1.2 ಲೀಟರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಸಿಲಿಂಡರುಗಳು ಪೂರ್ತಿಯಾಗಿ ತುಂಬುತ್ತವೆ ಎಂದುಕೊಂಡರೆ, ನಿಮಿಷಕ್ಕೆ 3,600 ಲೀಟರ್ ಗಾಳಿ ಬೇಕಾಗುತ್ತದೆ. ಪೆಟ್ರೋಲು ಸರಿಯಾಗಿ ಉರಿಯಲು ಬೇಕಾದದ್ದು ಗಾಳಿಯ ಲೀಟರಲ್ಲ, ತೂಕ: ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ. ಸಿಲಿಂಡರಿನ ಗಾತ್ರ ಬದಲಾಗದಿರುವುದರಿಂದ ಅದರೊಳಗೆ ಹೆಚ್ಚು ತೂಕದ ಗಾಳಿಯನ್ನು ಸೇರಿಸಲು ಇನ್‌ಟೇಕಿಗೆ ಇರುವುದು ಎರಡೇ ಉಪಾಯಗಳು. ಒಂದು, ಗಾಳಿಯನ್ನು ತಂಪಾಗಿಡುವುದು. ಇನ್ನೊಂದು, ದಾರಿಯಲ್ಲಿನ ತಡೆಯನ್ನು ಕಡಿಮೆ ಮಾಡಿ ಒತ್ತಡ ಕುಸಿಯದಂತೆ ನೋಡಿಕೊಳ್ಳುವುದು.

ತಾಪದ ಲೆಕ್ಕವನ್ನು ನೋಡೋಣ. ಗಾಳಿಯ ಸಾಂದ್ರತೆಯು ಕೆಲ್ವಿನ್ ಅಳತೆಯ ತಾಪಕ್ಕೆ ವಿಲೋಮವಾಗಿರುತ್ತದೆ. 40 ಡಿಗ್ರಿಯ ಗಾಳಿಯನ್ನು 30 ಡಿಗ್ರಿಗೆ ಇಳಿಸಿದರೆ ಸಾಂದ್ರತೆ ಸುಮಾರು ಶೇ. 3.3ರಷ್ಟು ಹೆಚ್ಚುತ್ತದೆ. ಆದರೆ ಈ ಗಾಳಿ ಸಿಲಿಂಡರನ್ನು ತಲುಪುವ ಮುನ್ನ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಮತ್ತು ವಾಲ್ವುಗಳ ಬಿಸಿಗೆ ಮತ್ತೆ ಕಾಯುವುದರಿಂದ ಶಕ್ತಿಯಲ್ಲಿ ಅಷ್ಟೂ ಲಾಭ ಸಿಗುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಹವಾಮಾನಕ್ಕೆ ತಕ್ಕಂತೆ ತಿದ್ದಲು ಬಳಸುವ ಎಸ್‌ಎಇ ಜೆ1349 ಮಾನದಂಡದ ಸೂತ್ರವು ತಾಪದ ವರ್ಗಮೂಲವನ್ನು ತೆಗೆದುಕೊಳ್ಳುವುದು ಇದೇ ಕಾರಣಕ್ಕೆ. ಹಾಗೆ ನೋಡಿದರೆ 10 ಡಿಗ್ರಿಯ ವ್ಯತ್ಯಾಸಕ್ಕೆ ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ. 2ರಷ್ಟು ಬದಲಾವಣೆ ಬರುತ್ತದೆ. 90 ಅಶ್ವಶಕ್ತಿಯ ಕಾರಿನಲ್ಲಿ ಅದು ಎರಡು ಅಶ್ವಶಕ್ತಿಗೂ ಕಡಿಮೆ.

ಈಗ ಬಾನೆಟ್ ತೆರೆದು ನಿಮ್ಮ ಕಾರಿನ ಏರ್ ಬಾಕ್ಸಿನ ಮೂತಿ ಎಲ್ಲಿದೆಯೆಂದು ಹುಡುಕಿ. ಇಂದಿನ ಬಹುತೇಕ ಕಾರುಗಳಲ್ಲಿ ಅದು ರೇಡಿಯೇಟರಿನ ಮೇಲ್ಭಾಗದಲ್ಲಿ, ಗ್ರಿಲ್ಲಿನ ಹಿಂದೆ, ಮುಂದಕ್ಕೆ ಮುಖ ಮಾಡಿ ಕುಳಿತಿರುತ್ತದೆ. ಎಂದರೆ ಕಂಪನಿಯವರು ಕೊಟ್ಟ ಪ್ಲಾಸ್ಟಿಕ್ಕಿನ ಆ ಕರಿ ಡಬ್ಬವೇ ಒಂದು ಕೋಲ್ಡ್ ಏರ್ ಇನ್‌ಟೇಕ್. ಕಾರ್ಬ್ಯುರೇಟರಿನ ಮೇಲೆ ತಟ್ಟೆಯಂಥ ಫಿಲ್ಟರ್ ಕುಳಿತು ಎಂಜಿನ್ನಿನ ಬಿಸಿಗಾಳಿಯನ್ನೇ ಸೇದುತ್ತಿದ್ದ ಕಾಲದಲ್ಲಿ ಹೊರಗಿನಿಂದ ಕೊಳವೆ ತರುವುದಕ್ಕೆ ದೊಡ್ಡ ಅರ್ಥವಿತ್ತು. ಈ ಮಾರ್ಪಾಟಿನ ಖ್ಯಾತಿಯ ಒಂದು ಪಾಲು ಆ ಕಾಲದ್ದು ಎಂದು ನನಗೆ ಅನಿಸುತ್ತದೆ.

ಕೊಳ್ಳುವ ಮುನ್ನ ಅಳೆಯುವ ಬಗೆ

ಕಾರಿನ ಸ್ಟೀರಿಂಗಿನ ಕೆಳಗಿರುವ, ಎಂಜಿನ್ನಿನ ಮಾಹಿತಿ ಓದಲೆಂದು ಕೊಟ್ಟಿರುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಸಣ್ಣ ಬ್ಲೂಟೂತ್ ಸಾಧನ ಮತ್ತು ಫೋನಿನಲ್ಲೊಂದು ಆ್ಯಪ್ ಇದ್ದರೆ ಎರಡು ಅಂಕಿಗಳನ್ನು ಓದಬಹುದು: ಒಳಬರುವ ಗಾಳಿಯ ತಾಪ ಮತ್ತು ಮ್ಯಾನಿಫೋಲ್ಡಿನ ಒತ್ತಡ. ಒತ್ತಡದ ಸೆನ್ಸರ್ ಎಲ್ಲ ಕಾರುಗಳಲ್ಲೂ ಇರುವುದಿಲ್ಲ. ಇದ್ದ ಕಾರುಗಳಿಗೆ ಮಾತ್ರ ಈ ಎರಡನೆಯ ಪರೀಕ್ಷೆ ಅನ್ವಯಿಸುತ್ತದೆ.

ಮೊದಲು ತಾಪ. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹತ್ತು ನಿಮಿಷ ಓಡಿದ ಮೇಲೆ ಒಳಬರುವ ಗಾಳಿಯ ತಾಪ ಹೊರಗಿನದಕ್ಕಿಂತ ನಾಲ್ಕೈದು ಡಿಗ್ರಿಯಷ್ಟೇ ಹೆಚ್ಚಿದ್ದರೆ ಕೋಲ್ಡ್ ಏರ್ ಇನ್‌ಟೇಕಿಗೆ ತಂಪು ಮಾಡಲು ಉಳಿದಿರುವುದು ಆ ನಾಲ್ಕೈದು ಡಿಗ್ರಿ ಮಾತ್ರ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಂತಾಗ ಆ ಅಂಕಿ ಸರಸರನೆ ಏರುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ನಿಂತ ಕಾರಿಗೆ ಶಕ್ತಿ ಬೇಕಿಲ್ಲ, ಹೊರಟ ಮೇಲೆ ಅದು ಇಳಿಯುತ್ತದೆ.

ಒತ್ತಡದ ಪರೀಕ್ಷೆ ಇನ್ನೂ ಖಚಿತವಾದ ಉತ್ತರ ಕೊಡುತ್ತದೆ. ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಮ್ಯಾನಿಫೋಲ್ಡಿನ ಒತ್ತಡವನ್ನು ಓದಿ. ಅದು ಆ ಊರಿನ ಗಾಳಿಯ ಒತ್ತಡ: ಸಮುದ್ರಮಟ್ಟದ ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲಿನ ಆಸುಪಾಸು, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು. ಬಳಿಕ ಖಾಲಿ ರಸ್ತೆಯಲ್ಲಿ, ವೇಗದ ಮಿತಿಯೊಳಗೆ, ಕೆಳಗಿನ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ ವೇಗವಾಗಿ ತಿರುಗುವಾಗ ಪಕ್ಕದಲ್ಲಿ ಕುಳಿತವರಿಂದ ಅದೇ ಅಂಕಿಯನ್ನು ಓದಿಸಿ. ಉದಾಹರಣೆಗೆ ಮೊದಲು 91 ಇದ್ದದ್ದು ಥ್ರಾಟಲ್ (ಆಕ್ಸಿಲರೇಟರಿಗೆ ತಕ್ಕಂತೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದಾಗ 88 ಎಂದು ತೋರಿಸಿದರೆ ಹೊರಗಿನ ಗಾಳಿಗೂ ಎಂಜಿನ್ನಿಗೂ ನಡುವೆ ಕಳೆದುಹೋಗುತ್ತಿರುವುದು 3 ಕಿಲೋಪ್ಯಾಸ್ಕಲ್, ಅಂದರೆ ಸುಮಾರು ಶೇ. 3. ಅದರಲ್ಲೂ ಒಂದು ಭಾಗ ಥ್ರಾಟಲ್ ಬಾಡಿಯದ್ದು, ಒಂದು ಭಾಗ ಮೂತಿ ಮತ್ತು ಕೊಳವೆಗಳದ್ದು, ಉಳಿದದ್ದು ಮಾತ್ರ ಫಿಲ್ಟರಿನದ್ದು. ಜಗತ್ತಿನ ಅತ್ಯುತ್ತಮ ಇನ್‌ಟೇಕ್ ತಂದು ಕೂರಿಸಿ, ದಾರಿಯಲ್ಲಿ ಯಾವ ತಡೆಯೂ ಇಲ್ಲದಂತೆ ಮಾಡಿದರೂ ಒತ್ತಡದ ಬಾಬಿನಲ್ಲಿ ಆ ಶೇ. 3ರ ಗಡಿಯನ್ನು ಹೆಚ್ಚೇನೂ ದಾಟಲಾಗದು. ಡಬ್ಬದ ಮೇಲೆ ಹತ್ತು ಹದಿನೈದು ಅಶ್ವಶಕ್ತಿ ಎಂದು ಬರೆದಿದ್ದರೆ ಆ ಅಂಕಿ ನಿಮ್ಮ ಕಾರಿನದ್ದಲ್ಲ ಎಂದು ಈ ಒಂದು ಪರೀಕ್ಷೆಯಿಂದಲೇ ತಿಳಿಯುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು: ಬೆಂಗಳೂರಿನ ಹಿತವಾದ 22 ಡಿಗ್ರಿಯ ಬೆಳಗಿನಲ್ಲಿ ಕಾರು ಚೆನ್ನಾಗಿ ಓಡುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ 32 ಡಿಗ್ರಿಯ ಮಂಗಳೂರಿನ ಗಾಳಿ ಅದಕ್ಕಿಂತ ಸುಮಾರು ಶೇ. 7ರಷ್ಟು ಸಾಂದ್ರವಾಗಿರುತ್ತದೆ. ಟರ್ಬೊ ಇಲ್ಲದ ಕಾರಿಗೆ ಯಾವ ಕಿಟ್ಟೂ ಕೊಡಲಾಗದಷ್ಟು ಲಾಭವನ್ನು ಶಿರಾಡಿ ಘಾಟಿ ಇಳಿಯುವುದೊಂದೇ ಕೊಟ್ಟುಬಿಡುತ್ತದೆ.

ಮೊದಲ ದಾರಿ: ಇದ್ದದ್ದನ್ನೇ ಶುಚಿಯಾಗಿಡುವುದು

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಟ್ಟಿಕೊಂಡ ಫಿಲ್ಟರನ್ನು ಬದಲಿಸಿದಾಗ ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಆದರೆ ವೇಗ ಹೆಚ್ಚಿಸಿಕೊಳ್ಳಲು ತಗಲುವ ಸಮಯದಲ್ಲಿ ಶೇ. 6ರಿಂದ 11ರಷ್ಟು ಸುಧಾರಣೆ ಕಂಡಿತು. ಈ ಎರಡೂ ಫಲಿತಾಂಶಗಳು ನಮ್ಮ ಆಯ್ಕೆಗೆ ನೇರವಾಗಿ ಸಂಬಂಧಿಸಿವೆ. ಪೂರ್ತಿ ಕಟ್ಟಿಕೊಂಡಿರುವ ಫಿಲ್ಟರಿನ ಜಾಗಕ್ಕೆ ಕೆಲವು ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರ್ ಹಾಕಿದರೆ ಸಿಗುವ ಪಿಕಪ್ಪನ್ನು ದುಬಾರಿ ಕಿಟ್ಟು ಹೊಸ ಕಾಗದದ ಫಿಲ್ಟರಿನ ಮೇಲೆ ಕೊಡುವುದು ಬಹಳ ಕಷ್ಟ. ಮೈಲೇಜಿನ ವಿಷಯವಂತೂ ಸ್ಪಷ್ಟವಾಗಿದೆ: ಪೆಟ್ರೋಲ್ ಕಾರನ್ನು ನಿಧಾನವಾಗಿ ಓಡಿಸುವಾಗ ಗಾಳಿಯನ್ನು ತಡೆಯುತ್ತಿರುವುದು ಅರ್ಧ ಮುಚ್ಚಿದ ಥ್ರಾಟಲ್ಲೇ ಹೊರತು ಫಿಲ್ಟರಲ್ಲ, ಫಿಲ್ಟರ್ ಎಷ್ಟು ಸಲೀಸಾದರೂ ಚಾಲಕ ತನಗೆ ಬೇಕಾದ ಶಕ್ತಿಗೆ ತಕ್ಕಂತೆ ಥ್ರಾಟಲನ್ನು ಅಷ್ಟೇ ಮುಚ್ಚಿಕೊಳ್ಳುತ್ತಾನೆ. ಮೈಲೇಜಿಗಾಗಿ ಇನ್‌ಟೇಕ್ ಹಾಕಿಸಬೇಡಿ.

ನಮ್ಮ ಗ್ಯಾರೇಜುಗಳಲ್ಲಿ ಪ್ರತಿ ಸರ್ವಿಸಿನಲ್ಲೂ ಫಿಲ್ಟರನ್ನು ಹೊರತೆಗೆದು ಕಂಪ್ರೆಸರಿನಿಂದ ರಭಸವಾಗಿ ಗಾಳಿ ಹೊಡೆಯುವ ಪದ್ಧತಿಯಿದೆ. ಅತಿಯಾದ ಒತ್ತಡ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳನ್ನು ಮಾಡುತ್ತದೆ. ಹೊಡೆಯಲೇಬೇಕಿದ್ದರೆ ಶುದ್ಧ ಗಾಳಿಯ ಮಗ್ಗುಲಿನಿಂದ ಧೂಳಿನ ಮಗ್ಗುಲಿಗೆ, ಕಡಿಮೆ ಒತ್ತಡದಲ್ಲಿ, ದೂರದಿಂದ ಹೊಡೆಯಬೇಕು. ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ ಎಂಬುದನ್ನೂ ನೆನಪಿಡಬೇಕು. ಮೇಲೆ ಕೂತ ಧೂಳೇ ಮತ್ತೊಂದು ಜರಡಿಯಾಗುತ್ತದೆ.

ಎರಡನೆಯ ದಾರಿ: ಅದೇ ಬಾಕ್ಸಿಗೆ ಹತ್ತಿಯ ಫಿಲ್ಟರ್

ಕೆ ಅಂಡ್ ಎನ್, ಬಿಎಂಸಿ ಮುಂತಾದವರ ಎಣ್ಣೆ ಸವರಿದ ಹತ್ತಿಯ ಪ್ಯಾನೆಲ್ ಫಿಲ್ಟರುಗಳು, ಪೈಪರ್‌ಕ್ರಾಸ್‌ನಂಥವರ ಫೋಮಿನ ಫಿಲ್ಟರುಗಳು ಈ ವರ್ಗಕ್ಕೆ ಸೇರುತ್ತವೆ. ಬಾಕ್ಸು, ಮೂತಿ, ಸೆನ್ಸರುಗಳು ಯಾವುವೂ ಬದಲಾಗದಿರುವುದು ಇದರ ದೊಡ್ಡ ಗುಣ. ತೊಳೆದು ಮತ್ತೆ ಬಳಸಬಹುದು. ವರ್ಷಗಟ್ಟಲೆ ಇಟ್ಟುಕೊಳ್ಳುವ ಕಾರಿಗೆ ಹಣದ ಲೆಕ್ಕವೂ ಸರಿಹೊಂದೀತು. ಲಾಭ ಸಿಕ್ಕರೂ ಅದು ಎಂಜಿನ್ ಅತಿವೇಗವಾಗಿ ತಿರುಗುವಾಗ, ಒಂದೆರಡು ಶೇಕಡಾದೊಳಗೆ, ಚಾಲಕನಿಗೆ ಅರಿವಾಗುವಷ್ಟಲ್ಲ.

ನಷ್ಟದ ಬಾಬು ಎರಡು. ಒಂದು, ಗಾಳಿಯನ್ನು ಸಲೀಸಾಗಿ ಬಿಡುವ ಫಿಲ್ಟರ್ ಧೂಳನ್ನೂ ತುಸು ಹೆಚ್ಚು ಬಿಡುವ ಸಂಭವವಿದೆ. ಬಳ್ಳಾರಿ, ಸಂಡೂರಿನ ಅದಿರು ಲಾರಿಗಳ ಹಿಂದೆ ದಿನವೂ ಓಡುವ ಕಾರಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಸೂಕ್ಷ್ಮ ಕಣಗಳು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆಯ ಪುಡಿಯಂತೆ ಸವೆಸುತ್ತವೆ. ಯಾವ ಫಿಲ್ಟರ್ ಹಾಕಿದರೂ ಸಾವಿರ ಕಿಲೋಮೀಟರಿನ ನಂತರ ಕೊಳವೆ ಬಿಚ್ಚಿ, ಫಿಲ್ಟರಿನಿಂದ ಆಚೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಆ ಫಿಲ್ಟರ್ ನಿಮ್ಮ ದಾರಿಗೆ ತಕ್ಕದ್ದಲ್ಲ. ಇನ್ನೊಂದು, ತೊಳೆದ ಮೇಲೆ ಎಣ್ಣೆಯನ್ನು ಅತಿಯಾಗಿ ಸವರಿದರೆ ಅದು ಹಾರಿ ಗಾಳಿಯ ತೂಕ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರಿನ ಬಿಸಿ ತಂತಿಗೆ ಅಂಟಿಕೊಳ್ಳುತ್ತದೆ, ಸೆನ್ಸರ್ ತಪ್ಪು ಲೆಕ್ಕ ಕೊಡಲು ತೊಡಗುತ್ತದೆ. ನಿಮ್ಮ ಕಾರಿನಲ್ಲಿ ಈ ಸೆನ್ಸರ್ ಇದೆಯೋ, ಕೇವಲ ಒತ್ತಡದ ಸೆನ್ಸರ್ ಇದೆಯೋ ಎಂದು ಮೊದಲೇ ತಿಳಿದುಕೊಳ್ಳಿ. ಒತ್ತಡದ ಸೆನ್ಸರ್ ಮಾತ್ರ ಇದ್ದರೆ ಈ ಚಿಂತೆ ಬಹುಮಟ್ಟಿಗೆ ಇಲ್ಲ. ಹತ್ತಿಯ ಫಿಲ್ಟರಿಗೆ ಕಂಪ್ರೆಸರಿನ ಗಾಳಿಯನ್ನಂತೂ ಹೊಡೆಸಲೇಬಾರದು. ಸರ್ವಿಸಿಗೆ ಬಿಡುವಾಗ ಇದನ್ನು ಜಾಬ್ ಕಾರ್ಡಿನಲ್ಲಿ ಬರೆಸುವುದು ಕ್ಷೇಮ.

ಮೂರನೆಯ ದಾರಿ: ತೆರೆದ ಕೋನ್

ನಾಲ್ಕರಲ್ಲಿ ನನ್ನ ಸಲಹೆ ಎಂದಿಗೂ ಸಿಗದಿರುವುದು ಇದಕ್ಕೆ. ಕಂಪನಿಯ ಬಾಕ್ಸು ಗ್ರಿಲ್ಲಿನ ಹಿಂದಿನ ತಂಪು ಗಾಳಿಯನ್ನು ಸೇದುತ್ತಿದ್ದರೆ ಕೋನ್ ಎಂಜಿನ್ನಿನ ಪಕ್ಕದ ಬಿಸಿಗಾಳಿಯನ್ನು ಸೇದುತ್ತದೆ. ಹೊರಗೆ 30 ಡಿಗ್ರಿ ಇದ್ದು ಬಾನೆಟ್ಟಿನ ಕೆಳಗೆ 55 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಶೇ. 7ಕ್ಕೂ ಮಿಕ್ಕಿ ಕುಸಿಯುತ್ತದೆ. ವರ್ಗಮೂಲದ ರಿಯಾಯಿತಿ ಕೊಟ್ಟು ನೋಡಿದರೂ ಶಕ್ತಿಯಲ್ಲಿ ಶೇ. 4ರ ಹತ್ತಿರ ನಷ್ಟ. ತಡೆ ಕಡಿಮೆಯಾದ್ದರಿಂದ ಸಿಕ್ಕಿದ್ದನ್ನು ಬಿಸಿ ನುಂಗಿಹಾಕುತ್ತದೆ. ಜೊತೆಗೆ, ಬಾಕ್ಸಿನ ಪಕ್ಕದಲ್ಲಿ ಅರ್ಥವಿಲ್ಲದೆ ಅಂಟಿಸಿದಂತೆ ಕಾಣುವ ಖಾಲಿ ಡಬ್ಬಗಳು ರೆಸೊನೇಟರುಗಳು. ಅವು ಸದ್ದನ್ನು ಅಡಗಿಸಲೆಂದು ಲೆಕ್ಕ ಹಾಕಿ ಇಟ್ಟವು. ಕೊಳವೆಯ ಉದ್ದ ಮತ್ತು ಅಗಲ ಬದಲಾದಾಗ ಗಾಳಿಯ ಅಲೆಗಳ ಹೊಂದಾಣಿಕೆಯೂ ಬದಲಾಗಿ, ಊರೊಳಗೆ ನಾವು ದಿನವಿಡೀ ಬಳಸುವ ಕಡಿಮೆ ವೇಗದ ಎಳೆತ ಕುಗ್ಗುವುದುಂಟು.

ಹಾಗಿದ್ದರೂ ಕೋನ್ ಹಾಕಿಸಿದವರೆಲ್ಲ ಕಾರು ಹಾರುತ್ತಿದೆ ಎನ್ನುತ್ತಾರಲ್ಲ? ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿ ಹಾಗೆಯೇ ಅನಿಸುತ್ತದೆ. ಬಾಕ್ಸು ಅಡಗಿಸಿಟ್ಟಿದ್ದ ಹೀರುವ ಸದ್ದು ಬಿಡುಗಡೆಯಾಗಿ ಕಿವಿ ತುಂಬಿದಾಗ ಮನಸ್ಸು ಅದನ್ನು ವೇಗವೆಂದು ಓದುತ್ತದೆ. ಕೆಲಸ ಮಾಡುವಾಗ ಬ್ಯಾಟರಿ ಬಿಚ್ಚಿದ್ದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಕಲಿತಿದ್ದೆಲ್ಲ ಅಳಿಸಿ ಹೊಸದಾಗಿ ಕಲಿಯಲು ಶುರು ಮಾಡುವುದರಿಂದಲೂ ಕೆಲವು ದಿನ ಕಾರಿನ ನಡೆ ಬೇರೆಯಾಗಿ ತೋರುತ್ತದೆ. ಶಕ್ತಿ ಅಳೆಯುವ ಯಂತ್ರವಾದ ಡೈನೋ ಮೇಲಿನ ಪರೀಕ್ಷೆಯನ್ನು ಕೂಡ ಕಣ್ಣುಮುಚ್ಚಿ ನಂಬಬಾರದು: ಬಾನೆಟ್ ತೆರೆದಿಟ್ಟು ಎದುರಿಗೆ ದೊಡ್ಡ ಫ್ಯಾನ್ ಇಟ್ಟು ಓಡಿಸಿದಾಗ ಕೋನಿಗೆ ಸಿಗುವ ತಂಪು ಗಾಳಿ ರಸ್ತೆಯ ಮೇಲೆ ಸಿಗುವುದಿಲ್ಲ, ಮತ್ತು ಒಂದೇ ಕಾರನ್ನು ಏನೂ ಬದಲಿಸದೆ ಎರಡು ಸಲ ಓಡಿಸಿದರೂ ಒಂದೆರಡು ಶೇಕಡಾ ವ್ಯತ್ಯಾಸ ಬರುವುದು ಸಾಮಾನ್ಯ. ಸದ್ದಿಗಾಗಿಯೇ ಕೋನ್ ಬೇಕೆನ್ನುವವರ ಜೊತೆ ನನಗೆ ಜಗಳವಿಲ್ಲ. ಅದು ಪ್ರಾಮಾಣಿಕವಾದ ಆಸೆ.

ನಾಲ್ಕನೆಯ ದಾರಿ: ಪೂರ್ಣ ಕಿಟ್

ಮುಚ್ಚಿದ ಬಾಕ್ಸು ಅಥವಾ ಬಿಸಿ ತಡೆಯುವ ಗೋಡೆ, ಹೊರಗಿನಿಂದ ನೇರವಾಗಿ ಗಾಳಿ ತರುವ ಅಗಲವಾದ ಕೊಳವೆ, ದೊಡ್ಡ ಫಿಲ್ಟರ್ ಇವುಗಳಿರುವ ಕಿಟ್ಟಿಗೆ ಮಾತ್ರ ಕೋಲ್ಡ್ ಏರ್ ಇನ್‌ಟೇಕ್ ಎಂಬ ಹೆಸರು ಒಪ್ಪುತ್ತದೆ. ಅದೇ ಮಾದರಿಯ ಕಾರಿಗೆಂದೇ ತಯಾರಾದ ಕಿಟ್ಟನ್ನಷ್ಟೇ ನೋಡಬೇಕು. ಮಾಸ್ ಏರ್ ಫ್ಲೋ ಸೆನ್ಸರ್ ಕೂರುವ ಕೊಳವೆಯ ಅಗಲ ಮೂಲಕ್ಕಿಂತ ಹೆಚ್ಚಾದರೆ ಅದೇ ಗಾಳಿ ನಿಧಾನವಾಗಿ ಹರಿದು ಸೆನ್ಸರ್ ಕಡಿಮೆ ಲೆಕ್ಕ ತೋರಿಸುತ್ತದೆ. ಇಸಿಯು ಕಡಿಮೆ ಪೆಟ್ರೋಲ್ ಬಿಡುತ್ತದೆ. ಕೊನೆಗೆ ಚೆಕ್ ಎಂಜಿನ್ ದೀಪ ಹೊತ್ತಿ ಪಿ0171 ಎಂಬ ಕೋಡ್ ಬರುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲಿಲ್ಲ ಎಂಬ ದೂರು.

ಟರ್ಬೊ ಕಾರುಗಳ ವಿಷಯವನ್ನು ಇಲ್ಲಿ ಬೇರೆಯಾಗಿಯೇ ನೋಡಬೇಕು, ಏಕೆಂದರೆ ಈ ಕಿಟ್ಟಿಗೆ ನಿಜವಾದ ನೆಲೆ ಇರುವುದು ಅಲ್ಲಿ. ಟರ್ಬೊ ಗಾಳಿಯನ್ನು ಒತ್ತಿದಾಗ ಅದು ಹೇಗೂ ವಿಪರೀತ ಬಿಸಿಯಾಗುತ್ತದೆ, ಇಂಟರ್‌ಕೂಲರ್ ಅದನ್ನು ತಣಿಸುತ್ತದೆ. ಆದ್ದರಿಂದ ಒಳಬರುವಾಗಿನ ಕೆಲವು ಡಿಗ್ರಿಗಳ ಮಹತ್ವ ಕಡಿಮೆ. ತಡೆಯ ಮಹತ್ವ ಮಾತ್ರ ಹೆಚ್ಚು: ಒತ್ತಡವನ್ನು ಎರಡು ಪಟ್ಟು ಮಾಡುವ ಟರ್ಬೊದ ಬಾಯಲ್ಲಿ 3 ಕಿಲೋಪ್ಯಾಸ್ಕಲ್ ಕಳೆದರೆ ಆಚೆ ಬದಿಯಲ್ಲಿ 6 ಕಳೆದಂತೆ. ಆದರೆ ಕಂಪನಿಯ ಇಸಿಯು ಇಷ್ಟೇ ಒತ್ತಡ, ಇಷ್ಟೇ ಎಳೆತ ಎಂಬ ಗುರಿಯನ್ನು ಹಿಡಿದು, ಟರ್ಬೊದ ರಭಸವನ್ನು ಹಿಡಿತದಲ್ಲಿಡುವ ವೇಸ್ಟ್‌ಗೇಟನ್ನು ತೆರೆದು ಮುಚ್ಚುತ್ತಿರುತ್ತದೆ. ಗಾಳಿ ಸಲೀಸಾಗಿ ಬಂದರೆ ಟರ್ಬೊ ತುಸು ಕಡಿಮೆ ದುಡಿದು ಅದೇ ಗುರಿಯನ್ನು ಮುಟ್ಟುತ್ತದೆ; ಚಕ್ರಕ್ಕೆ ಬರುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಇಸಿಯುವಿನ ಲೆಕ್ಕಗಳನ್ನು ಬದಲಿಸಿ ಗುರಿಯನ್ನೇ ಮೇಲಕ್ಕೆತ್ತುವ ರೀಮ್ಯಾಪ್ ಆದ ಮೇಲೆ, ಅದರಲ್ಲೂ ಎಕ್ಸಾಸ್ಟ್ ಕೂಡ ಬದಲಿಸುವ ಎರಡನೆಯ ಹಂತದಲ್ಲಿ, ಹಳೆಯ ಬಾಕ್ಸು ಸಾಲದೆ ಬಂದು ಒಳ್ಳೆಯ ಇನ್‌ಟೇಕಿಗೆ ಕೆಲಸ ಸಿಗುತ್ತದೆ. ಮೊದಲ ಹಂತದ ರೀಮ್ಯಾಪಿಗೆ ಸಾಮಾನ್ಯವಾಗಿ ಕಂಪನಿಯ ಬಾಕ್ಸೇ ಸಾಕು. ಕೈಯಲ್ಲಿರುವ ಹಣವನ್ನು ಕಿಟ್ಟಿಗೆ ಮೊದಲು ಸುರಿದು, ರೀಮ್ಯಾಪನ್ನು ಮುಂದೆ ನೋಡೋಣ ಎನ್ನುವುದು ತಲೆಕೆಳಗಾದ ಕ್ರಮ.

ನೀರು, ವಿಮೆ, ಕಾನೂನು

ಕೆಲವು ಕಿಟ್ಟುಗಳು ತಂಪು ಗಾಳಿಗಾಗಿ ಫಿಲ್ಟರನ್ನು ಬಂಪರಿನ ಹಿಂದೆ, ಚಕ್ರದ ಪಕ್ಕದ ತಗ್ಗಿನಲ್ಲಿ ಇಡುತ್ತವೆ. ಕರಾವಳಿ ಮತ್ತು ಮಲೆನಾಡಿನ ಮಳೆಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆ ಕಂಡಂಥ ನೀರಿನಲ್ಲಿ, ಇದರಷ್ಟು ಅಪಾಯದ ಜಾಗ ಬೇರೊಂದಿಲ್ಲ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೋದರೆ ಮೇಲೇರುವ ಪಿಸ್ಟನ್ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಂಪನಿಯ ಮೂತಿಯನ್ನು ಎತ್ತರದಲ್ಲಿ ಇಟ್ಟಿರುವುದಕ್ಕೆ ಇದೂ ಒಂದು ಕಾರಣ. ಹೀಗಾದ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ಅದಿದ್ದರೂ ತಿಳಿಸದೆ ಮಾಡಿಸಿದ ಮಾರ್ಪಾಟು ಕ್ಲೇಮಿಗೆ ಅಡ್ಡಬರಬಹುದು. ಕಿಟ್ ಹಾಕಿಸುವವರು ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಬೇಕು.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ನೋಂದಣಿ ಪತ್ರದಲ್ಲಿ ಏರ್ ಫಿಲ್ಟರಿನ ವಿವರವಿರುವುದಿಲ್ಲವಾದ್ದರಿಂದ ಬಾಕ್ಸಿನೊಳಗಿನ ಹತ್ತಿಯ ಫಿಲ್ಟರಿಗಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾನೆಟ್ ತೆರೆದೊಡನೆ ಕಣ್ಣಿಗೆ ಹೊಡೆಯುವ ಕಿಟ್ಟು ಮತ್ತು ರೀಮ್ಯಾಪಿನ ಮಾತು ಬೇರೆ. ವಾರಂಟಿಯಿರುವ ಕಾರಿನಲ್ಲಂತೂ ಸರ್ವಿಸ್ ಸೆಂಟರಿನವರು ಎಂಜಿನ್ನಿನ ಯಾವ ತೊಂದರೆಗೂ ಮೊದಲು ಬೆರಳು ತೋರುವುದು ಅದರತ್ತಲೇ.

ಯಾರಿಗೆ ಯಾವುದು

ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರನ್ನು ಊರೊಳಗೆ ಓಡಿಸುವವರಿಗೆ ಹೊಸ ಕಾಗದದ ಫಿಲ್ಟರ್ ಸಾಕು. ಉಳಿದ ಹಣವನ್ನು ಒಳ್ಳೆಯ ಟೈರುಗಳಿಗೆ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಡೀಸೆಲ್ ಕಾರಿನವರಿಗೂ, ಹೆಚ್ಚು ಧೂಳಿನ ಹಾದಿಯವರಿಗೂ ಇದೇ ಉತ್ತರ. ಹೆದ್ದಾರಿಯಲ್ಲಿ ಹೆಚ್ಚು ಓಡಾಡುವ, ಕಾರನ್ನು ದೀರ್ಘಕಾಲ ಇಟ್ಟುಕೊಳ್ಳುವ, ತೊಳೆದು ಎಣ್ಣೆ ಸವರುವ ವ್ಯವಧಾನವಿರುವವರು ಹತ್ತಿಯ ಫಿಲ್ಟರ್ ಹಾಕಿಸಬಹುದು. ಟರ್ಬೊ ಪೆಟ್ರೋಲ್ ಕಾರಿಗೆ ರೀಮ್ಯಾಪ್ ಮಾಡಿಸಿ, ಅದರಾಚೆಗೂ ಹೋಗಲು ನಿರ್ಧರಿಸಿದವರಿಗೆ ಮುಚ್ಚಿದ ಬಾಕ್ಸಿನ, ಮೂತಿ ಎತ್ತರದಲ್ಲಿರುವ ಪೂರ್ಣ ಕಿಟ್ ತಕ್ಕದ್ದು, ಮತ್ತು ರೀಮ್ಯಾಪ್ ಮಾಡುವವರನ್ನು ಕೇಳಿಯೇ ಅದನ್ನು ಆರಿಸಬೇಕು.

ಹಾಕಿಸಿದ ಮೇಲೆ ಫಲ ನೋಡಲು ಬಯಸುವವರು ಒಂದೇ ರಸ್ತೆಯಲ್ಲಿ, ಒಂದೇ ದಿಕ್ಕಿನಲ್ಲಿ, ಒಂದೇ ದಿನ, ಮೂರನೆಯ ಗೇರಿನಲ್ಲಿ 40ರಿಂದ 80 ಕಿಲೋಮೀಟರ್ ವೇಗಕ್ಕೆ ಹೋಗಲು ಬೇಕಾದ ಸಮಯವನ್ನು ಐದೈದು ಸಲ ಅಳೆಯಲಿ: ಮೊದಲು ಹಳೆಯದರಲ್ಲಿ, ಆಮೇಲೆ ಹೊಸದರಲ್ಲಿ, ಕೊನೆಗೆ ಮತ್ತೆ ಹಳೆಯದರಲ್ಲಿ. ಮೂರನೆಯ ಸುತ್ತಿನ ಅಂಕಿಗಳು ಮೊದಲ ಸುತ್ತಿಗೆ ಹೊಂದದಿದ್ದರೆ ನಡುವಿನದನ್ನೂ ನಂಬುವಂತಿಲ್ಲ. ಅದಕ್ಕಾಗಿಯಾದರೂ ಕಂಪನಿಯ ಏರ್ ಬಾಕ್ಸನ್ನು, ಅದರ ಕ್ಲಿಪ್ಪು, ರಬ್ಬರು, ಸ್ಕ್ರೂಗಳ ಸಮೇತ ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತಂದು ಅಟ್ಟದ ಮೇಲೆ ಇಟ್ಟುಕೊಳ್ಳಿ. ಮುಂದೆ ಕಾರನ್ನು ಮಾರುವಾಗಲೂ ಕೊಳ್ಳಲು ಬಂದವರು ಬಾನೆಟ್ ತೆರೆದು ಮೊದಲು ಹುಡುಕುವುದು ಆ ಕರಿ ಡಬ್ಬವನ್ನೇ.